ಹದಿನೇಳನೇ ಮಂಚದ ಕಣ್ಣುಗಳು

ನಮ್ಮ ಬ್ಯಾಂಡ್ ಇಷ್ಟು ಬಿಗಿಯಾಗಿ ಬಾರಿಸುವುದನ್ನು ಎಲ್ಲಿ ಕಲಿಯಿತು ಎಂದು ಯಾರಾದರೂ ಕೇಳಿದರೆ ಚಿರಂತ ಕತ್ತು ವಾಲಿಸಿ, ಕಣ್ಣು ಅರ್ಧ ಮುಚ್ಚಿ, "ಆ ಊರಿನ ನೈಟ್‌ಕ್ಲಬ್‌ಗಳಲ್ಲಿ ಪಳಗಿದ್ವಿ" ಎನ್ನುತ್ತಾನೆ. ಅಷ್ಟೇ ಹೇಳುತ್ತಾನೆ, ಮುಂದಕ್ಕೆ ಬಾಯಿ ಬಿಡುವುದಿಲ್ಲ. ಕೇಳಿದವರು ಕೆಂಪು ದೀಪ, ಹೊಗೆ, ಮೈಮರೆತು ಕುಣಿಯುವ ಜನ ಎಲ್ಲವನ್ನೂ ತಾವೇ ಊಹಿಸಿಕೊಂಡು ಹೊಟ್ಟೆ ಉರಿಸಿಕೊಳ್ಳುತ್ತಾರೆ. ಉರಿಸಿಕೊಳ್ಳಲಿ. ಅಲ್ಲಿ ಏನಿತ್ತು ಎನ್ನುವುದನ್ನು ನಾನು ಹೇಳುತ್ತೇನೆ. ಅಲ್ಲಿ ಅರವತ್ತು ಮಂಚಗಳಿದ್ದವು.

ಬ್ಯಾಂಡ್ ಎಂದರೆ ನಾವು ಮೂರು ಜನ. ಹಾಡುವುದು, ಗಿಟಾರ್ ಬಾರಿಸುವುದು, ಕೂದಲು ಹಾರಿಸುವುದು ಚಿರಂತ. ಡ್ರಮ್ಸ್ ಅಲ್ತಾಫ್. ಬೇಸ್ ಗಿಟಾರ್ ನಾನು, ಶಾಲ್ಮಲಿ. ಬೇಸ್ ಎಂದರೆ ಸಾರಿಗೆ ಉಪ್ಪಿದ್ದಂತೆ. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಾಗ ಮಾತ್ರ ಎಲ್ಲರೂ ಮುಖ ಕಿವುಚುತ್ತಾರೆ. ಕಾಲೇಜಿನ ಎರಡನೇ ವರ್ಷ ಮುಗಿದಿತ್ತು. ಬ್ಯಾಂಡಿಗೆ 'ಸಿಡಿಮದ್ದು' ಎಂದು ಹೆಸರಿಟ್ಟಿದ್ದೆವು, ಹನ್ನೊಂದು ಹಾಡು ಕಟ್ಟಿದ್ದೆವು, ಮೂರು ಗಣಪತಿ ಪೆಂಡಾಲುಗಳಲ್ಲಿ ನಮ್ಮನ್ನು ಅರ್ಧಕ್ಕೇ ಸ್ಟೇಜಿನಿಂದ ಇಳಿಸಿದ್ದರು. ಅಂಥ ಹೊತ್ತಿನಲ್ಲಿ ಕಡಲಾಚೆಯ ಆ ಊರಿನಿಂದ ಚಿರಂತನಿಗೆ ಕರೆ ಬಂತು. 'ಗಾಢ' ಎಂಬ ನೈಟ್‌ಕ್ಲಬ್ಬಿಗೆ ಜೋರಾಗಿ ಬಾರಿಸುವ ಬ್ಯಾಂಡ್ ಬೇಕಾಗಿತ್ತು. ಎಷ್ಟು ಜೋರಾದರೆ ಅಷ್ಟು ಒಳ್ಳೆಯದು ಎಂದಿದ್ದರು. ಚಿರಂತ ಅದೇ ದಿನ ಹೋಗಿ ಕರಿ ಲೆದರ್ ಜಾಕೆಟ್ ಕೊಂಡು ತಂದ. ಮೂರು ದಿನದ ಹಡಗಿನ ಪ್ರಯಾಣದಲ್ಲಿ ವಾಂತಿ ಮಾಡುವಾಗಲೂ ಅದನ್ನು ಬಿಚ್ಚಲಿಲ್ಲ.

'ಗಾಢ'ದ ಬಾಗಿಲು ತೆಗೆದಾಗ ಮೊದಲು ಕಂಡದ್ದೇ ಸಾಲು ಸಾಲು ಮಂಚ. ಒಂದೊಂದರ ತಲೆಯ ಕಡೆ ಒಂದೊಂದು ನಂಬರ್, ಒಂದೊಂದು ದಿಂಬು. ಹಾಲಿನ ಆ ತುದಿಯಲ್ಲಿ ಸ್ಟೇಜು.

"ಆಸ್ಪತ್ರೆಗೆ ಬಂದ್ವೇನೋ?" ಎಂದ ಅಲ್ತಾಫ್.

"ಕಾನ್ಸೆಪ್ಟ್ ಇರ್ಬೇಕು ಕಣೋ. ಫಾರಿನ್ ಅಲ್ವಾ," ಎಂದ ಚಿರಂತ.

ಕ್ಲಬ್ಬಿನ ಒಡತಿ ವಿಶಾಲಾಕ್ಷಮ್ಮ ಬಂದರು. ಸೊಂಟದಲ್ಲಿ ಬೀಗದ ಕೈ ಗೊಂಚಲಿತ್ತು, ಸದ್ದಾಗದಂತೆ ಅದಕ್ಕೆ ಬಟ್ಟೆ ಸುತ್ತಿದ್ದರು. ಆ ಊರಿನವರು ನಮ್ಮ ಭಾಷೆಯನ್ನೇ ಆಡುತ್ತಾರೆ, ಆದರೆ ಮಾತಿನ ಮಧ್ಯೆ ಒಂದು ಆಕಳಿಕೆಗೆ ಜಾಗ ಬಿಟ್ಟುಕೊಂಡು ಆಡುತ್ತಾರೆ.

"ಎಷ್ಟು ಹೊತ್ತು ಬಾರಿಸ್ತೀರಪ್ಪಾ?"

"ಒಂದೂವರೆ ಗಂಟೆ, ಮೇಡಂ. ಬೆಂಕಿ ಹಚ್ಚಿಬಿಡ್ತೀವಿ," ಎಂದ ಚಿರಂತ.

"ಒಂದೂವರೆ ಗಂಟೆ ಮಲಗಿ ಯಾರಾದ್ರೂ ಆಫೀಸಿಗೆ ಹೋಗೋಕಾಗುತ್ತಾ?" ವಿಶಾಲಾಕ್ಷಮ್ಮ ನಿಜಕ್ಕೂ ಗಾಬರಿಯಾದಂತಿತ್ತು. "ಹತ್ತಕ್ಕೆ ಶುರು, ಬೆಳಿಗ್ಗೆ ಆರಕ್ಕೆ ಮುಕ್ತಾಯ. ಮಧ್ಯದಲ್ಲಿ ಒಂದು ಚೂರೂ ನಿಲ್ಲಿಸೋ ಹಾಗಿಲ್ಲ. ಮೆತ್ತಗೆ ಬಾರಿಸೋ ಹಾಗಿಲ್ಲ. ಮೆತ್ತಗಾದ್ರೆ ಮಕ್ಕಳು ಬೆಚ್ಚಿಬೀಳ್ತವೆ."

ಆ ಊರಿನಲ್ಲಿ ಸದ್ದಿಲ್ಲದ ಕಡೆ ಯಾರಿಗೂ ನಿದ್ದೆ ಬರುವುದಿಲ್ಲ. ಎಂಥದೋ ಸದ್ದಾದರೆ ಸಾಲದು, ಎದೆ ನಡುಗಿಸುವ ಡ್ರಮ್ಮು, ಕಿವಿ ಕೊರೆಯುವ ಗಿಟಾರು, ಗಂಟಲು ಹರಿಯುವ ಹಾಡು ಬೇಕು. ಮನೆಗಳಲ್ಲಿ ಮಂಚವೇ ಇಲ್ಲ. ಊಟ ಮುಗಿಸಿ, ಹಲ್ಲುಜ್ಜಿ, ಗಂಡ ಹೆಂಡತಿ ಮಕ್ಕಳೆಲ್ಲ ತಮ್ಮ ತಮ್ಮ ಹೊದಿಕೆ ಕಂಕುಳಲ್ಲಿಟ್ಟುಕೊಂಡು ಕ್ಲಬ್ಬಿಗೆ ಹೊರಡುತ್ತಾರೆ. ದಾರಿಯಲ್ಲಿ ಸಿಕ್ಕವರನ್ನು "ಯಾವ ಬ್ಯಾಂಡು ಇವತ್ತು?" ಎಂದು ಕೇಳುತ್ತಾರೆ, ನಾವು "ಊಟ ಆಯ್ತಾ?" ಎಂದು ಕೇಳುವ ಹಾಗೆ. ಊರಿನ ದೊಡ್ಡ ಕ್ಲಬ್ಬಿನ ಹೆಸರು 'ಕುಂಭಕರ್ಣ'. ಅಲ್ಲಿ ಮುನ್ನೂರು ಮಂಚ.

ಮೊದಲ ರಾತ್ರಿ ಚಿರಂತ ಸ್ಪೀಕರಿನ ಮೇಲೆ ಒಂದು ಕಾಲಿಟ್ಟು ಚೀರಿದ. ಎರಡನೇ ಸಾಲು ಮುಗಿಯುವುದರೊಳಗೆ ಹಾಲು ಪೂರ್ತಿ ಮಲಗಿತ್ತು. ಮೊದಲ ಹಾಡು ಮುಗಿಯಿತು. ಚಿರಂತ ಎರಡೂ ಕೈ ಮೇಲೆತ್ತಿ "ಥ್ಯಾಂಕ್ ಯೂ!" ಎಂದ. ಇಡೀ ಹಾಲು ಒಟ್ಟಿಗೆ ಎದ್ದು ಕೂತಿತು.

"ಯಾರಾದ್ರೂ ಸತ್ತರೇನ್ರೀ?" ನಾಲ್ಕನೇ ಮಂಚದ ಬನಿಯನ್ನಿನ ಗಂಡಸು ಎದೆ ಹಿಡಿದುಕೊಂಡು ಕೇಳಿದ. "ಯಾಕ್ರೀ ನಿಲ್ಲಿಸಿದ್ರಿ?"

"ಬಸುರಿ ಮಲಗಿದಾಳೆ ಇಲ್ಲಿ! ಸ್ವಲ್ಪನಾದ್ರೂ ಜ್ಞಾನ ಬೇಡ್ವಾ?" ಎಂದು ಇನ್ನೊಬ್ಬಾಕೆ ಕೂಗಿದಳು.

ಅಲ್ತಾಫ್ ಹೆದರಿ ಡ್ರಮ್ಮು ಬಡಿಯತೊಡಗಿದ. ಜನ ಹಾಗೇ ಹಿಂದಕ್ಕೆ ಒರಗಿದರು. ಅವತ್ತಿನಿಂದ ನಮ್ಮ ಹಾಡುಗಳಿಗೆ ಕೊನೆ ಎನ್ನುವುದು ಹೋಯಿತು. ಒಂದರ ಬಾಲ ಇನ್ನೊಂದರ ಬಾಯಿಗೆ.

ಹನ್ನೊಂದು ಹಾಡು ಹನ್ನೊಂದೂವರೆಗೆ ಖಾಲಿಯಾದವು. ಇನ್ನೂ ಆರೂವರೆ ಗಂಟೆ ಇತ್ತು. ಮತ್ತೆ ಮೊದಲಿನಿಂದ ಬಾರಿಸಿದೆವು, ಮತ್ತೆ, ಮತ್ತೆ. ಬೆಳಿಗ್ಗೆ ಗೊತ್ತಾಯಿತು, ಆ ಊರಿನ ಕ್ಲಬ್ಬುಗಳಲ್ಲಿ ತಕರಾರು ಕಿಟಕಿ ಅಂತ ಒಂದು ಇರುತ್ತದೆ. ಮಲಗಿ ಎದ್ದವರು ಅಲ್ಲಿ ಸಾಲು ನಿಂತು ತಮ್ಮ ಕನಸಿನ ಬಗ್ಗೆ ದೂರು ಕೊಡುತ್ತಾರೆ, ಬ್ಯಾಂಡಿನವರೇ ಕೂತು ಬರೆದುಕೊಳ್ಳಬೇಕು. ಚಿರಂತ ಗಂಟಲಿಗೆ ವಿಶ್ರಾಂತಿ ಬೇಕೆಂದು ಹೋದ. ಅಲ್ತಾಫ್ ಎಂಟು ಗಂಟೆ ತಡೆದುಕೊಂಡಿದ್ದ ಮೂತ್ರ ಮಾಡಲು ಓಡಿದ. ಕಿಟಕಿ ನನ್ನ ಪಾಲಿಗೆ ಬಂತು.

"ಒಂದೇ ನಾಯಿ ಐದು ಸಲ ಅಟ್ಟಿಸ್ಕೊಂಡು ಬಂತಮ್ಮ," ಎಂದ ಬನಿಯನ್ನಿನ ಗಂಡಸು. "ಒಂದೇ ಹಾಡು ಐದು ಸಲ ಹಾಡಿದ್ರೆ ಇನ್ನೇನಾಗುತ್ತೆ? ಮೊದಲನೇ ಸಲ ಓಡಿದೆ. ಐದನೇ ಸಲ ನಾಯಿಗೇ ಬೇಜಾರಾಗಿ ಕೂತ್ಕೊಂಡ್ತು."

ಹಿಂದೆ ನಿಂತ ಹೆಂಗಸು ತಗ್ಗಿದ ದನಿಯಲ್ಲಿ ಹೇಳಿದಳು: "ನಿಮ್ಮ ಗಿಟಾರಿನವನು ಮಧ್ಯೆ ಉದ್ದಕ್ಕೆ ಎಳೀತಾನಲ್ಲ, ಆವಾಗ ನನ್ನ ಮೊದಲ ಗಂಡ ಬಂದ. ಈಗಿನವರು ಪಕ್ಕದ ಮಂಚದಲ್ಲೇ ಇದ್ರು. ಎಷ್ಟು ಮುಜುಗರ ಗೊತ್ತಾ? ಅದನ್ನ ಸ್ವಲ್ಪ ಮೊಟಕು ಮಾಡಿ."

ಚಿರಂತನ ಗಿಟಾರ್ ಸೋಲೋ ಬಗ್ಗೆ ಅಷ್ಟು ಸರಿಯಾದ ವಿಮರ್ಶೆಯನ್ನು ನಾನು ಇದುವರೆಗೂ ಕೇಳಿಲ್ಲ.

ಹೀಗೆ ನಮಗೆ ದಿನವೂ ಹೊಸ ಹಾಡು ಬೇಕಾಯಿತು. ಎರಡನೇ ವಾರದ ಹೊತ್ತಿಗೆ ಚಿರಂತ ನಮ್ಮೂರಿನ ಸಿಟಿ ಬಸ್ ನಿಲ್ದಾಣಗಳ ಹೆಸರನ್ನೆಲ್ಲ ಕೂಗಿ ಮುಗಿಸಿ, ತನ್ನ ಅಮ್ಮನ ಬಸ್ಸಾರಿನ ಕ್ರಮವನ್ನು ಹೆವಿ ಮೆಟಲ್‌ನಲ್ಲಿ ಹಾಡುತ್ತಿದ್ದ. "ಒಗ್ಗರಣೆ! ಒಗ್ಗರಣೆ!" ಎಂದು ಅವನು ಕಿರುಚಿದರೆ ಹಾಲಿನಿಂದ ಒಂದೇ ಉಸಿರಿನಲ್ಲಿ ಗೊರಕೆ ಏಳುತ್ತಿತ್ತು. ಅಲ್ತಾಫ್ ಒಂದು ಕೈಯಲ್ಲಿ ಡ್ರಮ್ಮು ನಡೆಸಿಕೊಂಡೇ ಬಾಯಿ ತೆರೆಯುತ್ತಿದ್ದ, ನಾನು ಅದರೊಳಗೆ ಅವಲಕ್ಕಿ ಉಂಡೆ ಎಸೆಯುತ್ತಿದ್ದೆ. ಚಿರಂತ ಬಾತ್‌ರೂಮಿಗೆ ಹೋದರೆ ನಾನು ಹದಿನೇಳರ ಮಗ್ಗಿ ಹಾಡುತ್ತಿದ್ದೆ. ಹಾಗೆ ನಾವು ಪಳಗಿದ್ದು. ಇದರಲ್ಲಿ ಕೆಂಪು ದೀಪವೂ ಇಲ್ಲ, ಮಣ್ಣೂ ಇಲ್ಲ.

ನನ್ನ ಕೈಲಿ ತಡೆಯಲಾಗದೇ ಇದ್ದದ್ದು ಚಿರಂತನ ಖುಷಿ. ಗೊರಕೆ ಅವನಿಗೆ ಚಪ್ಪಾಳೆಯ ಹಾಗೆ ಕೇಳಿಸತೊಡಗಿತ್ತು.

"ನೋಡಿದ್ಯಾ ಶಾಲೂ, ಮೂರನೇ ಸಾಲು ಹೆಂಗಿತ್ತು? ಜನ ನಮ್ಮ ಜೊತೆಗಿದಾರೆ ಕಣೇ."

"ಜನ ಎಲ್ಲೂ ಇಲ್ಲ ಕಣೋ. ಬಾಯಿ ಬಿಟ್ಕೊಂಡು ಬಿದ್ದಿದಾರೆ."

"ನಿನಗೆ ಹೊಟ್ಟೆಕಿಚ್ಚು. ಬೇಸ್‌ಗೆ ಯಾರೂ ಗೊರಕೆ ಹೊಡೆಯಲ್ಲ ಅಂತ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಬಾರಿಸಿದ್ದನ್ನು ಒಬ್ಬ ಮನುಷ್ಯ, ಒಬ್ಬನೇ ಒಬ್ಬ, ಕಣ್ಣು ಬಿಟ್ಟುಕೊಂಡು ಕೇಳಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಊಟ ಸೇರುತ್ತಿರಲಿಲ್ಲ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಬೆಳಿಗ್ಗೆ ಕಿಟಕಿಯ ಸಾಲಿನ ಕೊನೆಯಲ್ಲಿ ಒಬ್ಬರು ನಿಂತಿದ್ದರು. ಐವತ್ತೈದರ ಸುಮಾರು, ಇಸ್ತ್ರಿ ಮಾಡಿದ ಅಂಗಿ, ಕಣ್ಣಿನ ಕೆಳಗೆ ಎರಡು ಚೀಲ.

"ಹದಿನೇಳು," ಎಂದು ತಮ್ಮ ಮಂಚದ ನಂಬರ್ ಹೇಳಿದರು.

"ಏನು ಕನಸು ಸರ್?"

"ಕನಸಿಲ್ಲ. ಒಂಬತ್ತನೇ ಹಾಡಲ್ಲಿ ಡ್ರಮ್ಮಿನ ಹುಡುಗ ಎರಡನೇ ಸಲ ತಿರುಗೋವಾಗ ಒಂದು ರಾಗಿಕಾಳಷ್ಟು ತಡ ಮಾಡಿದ. ಅದನ್ನ ಮುಚ್ಚೋಕೆ ಹೋಗಿ ನೀನು ಅವಸರ ಮಾಡಿದೆ. ಹಾಡೋ ಮಹಾರಾಯನಿಗೆ ಎರಡೂ ಗೊತ್ತಾಗ್ಲಿಲ್ಲ."

ನಾನು ಪೆನ್ನು ಕೆಳಗಿಟ್ಟೆ. "ಸರ್, ನೀವು ಕೇಳಿದ್ರಾ?"

"ನಿದ್ದೆ ಬರದೇ ಇದ್ರೆ ಇನ್ನೇನು ಮಾಡ್ಲಮ್ಮಾ?"

ಅವರ ಹೆಸರು ಅಚ್ಯುತರಾಯರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಪರೀಕ್ಷೆ ಮಾಡುವ ಸರ್ಕಾರಿ ಕೆಲಸ, ಮೂವತ್ತು ವರ್ಷದ ಸರ್ವೀಸು. ಹನ್ನೊಂದು ವರ್ಷದಿಂದ ಅವರಿಗೆ ನಿದ್ದೆ ಬಂದಿರಲಿಲ್ಲ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಜನ ಅವರ ಬೆನ್ನ ಹಿಂದೆ 'ನಿದ್ದೆಗೇಡಿ' ಎನ್ನುತ್ತಿದ್ದರು. ಅಂಟಿಕೊಂಡೀತೆಂದು ಪಕ್ಕದ ಹದಿನಾರು, ಹದಿನೆಂಟನೇ ಮಂಚಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವರ ಹೆಂಡತಿ ಕೂಡ 'ಕುಂಭಕರ್ಣ'ಕ್ಕೆ ಹೋಗಿ ಮಲಗುತ್ತಿದ್ದರು. "ತಪ್ಪಿಲ್ಲ ಬಿಡು. ಪಕ್ಕದಲ್ಲಿ ಒಬ್ಬ ಕಣ್ಣು ಬಿಟ್ಕೊಂಡು ಮಲಗಿದ್ರೆ ಯಾರಿಗೆ ಹಿತ ಆಗುತ್ತೆ?" ಎಂದರು ರಾಯರು.

ನನಗೆ ಮಾತ್ರ ಹಬ್ಬ! ಅವತ್ತಿನಿಂದ ರಾತ್ರಿ ಪೂರ್ತಿ ಹಾಲಿನಲ್ಲಿ ಎರಡು ಕಣ್ಣು ತೆರೆದಿವೆ ಎನ್ನುವುದು ನನಗೆ ಗೊತ್ತಿತ್ತು. ನಾನು ಆ ಎರಡು ಕಣ್ಣಿಗೆ ಬಾರಿಸತೊಡಗಿದೆ. ಬೆಳಿಗ್ಗೆ ಕಿಟಕಿಗೆ ಬಂದು ಅವರು ಒಂದೊಂದನ್ನೇ ತೂಗಿ ಹೇಳುತ್ತಿದ್ದರು. ಇಲ್ಲಿ ಜಾಸ್ತಿ ಆಯ್ತು, ಇಲ್ಲಿ ಸಾಲದು, ಇಲ್ಲಿ ನೀನು ಸುಮ್ಮನಿದ್ದದ್ದು ಚೆನ್ನಾಗಿತ್ತು. ಅದನ್ನು ನಾನು ಮಧ್ಯಾಹ್ನದ ಪ್ರಾಕ್ಟೀಸಿನಲ್ಲಿ ನನ್ನದೇ ಮಾತೆಂಬಂತೆ ಹೇಳುತ್ತಿದ್ದೆ. ಅಲ್ತಾಫ್ ತಿದ್ದಿಕೊಂಡ. ಚಿರಂತ ಗೊಣಗಿಕೊಂಡು ತಿದ್ದಿಕೊಂಡ, ನಾಲ್ಕು ದಿನ ಬಿಟ್ಟು ಅದು ತನ್ನದೇ ಐಡಿಯಾ ಎಂದ. ಮೂರನೇ ವಾರ ಮುಗಿಯುವ ಹೊತ್ತಿಗೆ ನಾವು ಮೂರು ಜನ ಒಂದೇ ಮೈಯಿನ ಹಾಗೆ ಬಾರಿಸುತ್ತಿದ್ದೆವು. ಸಿಡಿಮದ್ದನ್ನು ಪಳಗಿಸಿದ್ದು ಒಬ್ಬ ತೂಕದ ಇನ್ಸ್‌ಪೆಕ್ಟರ್. ಇದನ್ನು ಚಿರಂತ ಯಾರಿಗೂ ಹೇಳುವುದಿಲ್ಲ, ಅವನಿಗೆ ಗೊತ್ತೇ ಇಲ್ಲ.

ಆ ಊರಿನ ಇನ್ನೊಂದು ರೂಢಿ ಹೇಳಬೇಕು. ಬೆಳಿಗ್ಗೆ ಎದ್ದವರು ನಿದ್ದೆ ಚೆನ್ನಾಗಿ ಬಂದಿದ್ದರೆ ದಿಂಬನ್ನು ಮಲಗಿಸಿ ಹೋಗುತ್ತಾರೆ. ಬರದೇ ಇದ್ದರೆ ನೆಟ್ಟಗೆ ನಿಲ್ಲಿಸಿ ಹೋಗುತ್ತಾರೆ. ಎಲ್ಲರೂ ಹೋದ ಮೇಲೆ ವಿಶಾಲಾಕ್ಷಮ್ಮ ಸಾಲುಗಳ ಮಧ್ಯೆ ನಡೆದು ನೋಡುತ್ತಾರೆ. ಒಂದೇ ಮಂಚದ ದಿಂಬು ಸತತ ಮೂವತ್ತು ದಿನ ನಿಂತಿದ್ದರೆ ಆ ಬ್ಯಾಂಡನ್ನು ಹಡಗು ಹತ್ತಿಸಬೇಕು. ಹದಿನೇಳರ ದಿಂಬು ದಿನವೂ ನಿಂತಿರುತ್ತಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ಬ್ಯಾಂಡುಗಳು ಆ ದಿಂಬಿನ ದೆಸೆಯಿಂದ ಹಡಗು ಹತ್ತಿದ್ದವೋ.

ಇಪ್ಪತ್ತೆರಡನೇ ರಾತ್ರಿ ಅದು ನಡೆಯಿತು. ಬಸ್ಸಾರಿನ ಹಾಡು ಅರ್ಧದಲ್ಲಿತ್ತು. ನಾನೂ ಅಲ್ತಾಫೂ ಎಷ್ಟು ನಯವಾಗಿ ಹೆಣೆದುಕೊಂಡು ಹೋಗುತ್ತಿದ್ದೆವೆಂದರೆ ನನ್ನ ತಂತಿ ಯಾವುದು, ಅವನ ಏಟು ಯಾವುದು ನನಗೇ ತಿಳಿಯುತ್ತಿರಲಿಲ್ಲ. ತಲೆಯೆತ್ತಿ ಹದಿನೇಳನೇ ಮಂಚ ನೋಡಿದೆ. ರಾಯರ ರೆಪ್ಪೆ ಇಳಿಯುತ್ತಿತ್ತು. ನಿಧಾನಕ್ಕೆ, ಅಂಗಡಿಯ ಷಟರ್ ಎಳೆದಂತೆ.

ನನಗೆ ಖುಷಿಯಾಗಬೇಕಿತ್ತು. ಹನ್ನೊಂದು ವರ್ಷ! ಆದರೆ ಆಗಲಿಲ್ಲ. ಇವರೂ ಹೋದರೆ ನಾಳೆ ಕಿಟಕಿಗೆ ಬರುವವರು ಯಾರು? ನಾನು ದಪ್ಪ ತಂತಿಯನ್ನು ಬೆರಳಿಗೆ ಸಿಕ್ಕಿಸಿ ಟಣ್ಣೆಂದು ಬಿಟ್ಟೆ. ಬೇರೆ ಯಾರೂ ಹೊರಳಲಿಲ್ಲ. ರಾಯರ ಕಣ್ಣು ತೆರೆಯಿತು.

ಕೈ ಜಾರಿತು ಎಂದು ನನಗೆ ನಾನೇ ಹೇಳಿಕೊಂಡೆ. ಮಾರನೇ ರಾತ್ರಿ ಎರಡು ಸಲ ಜಾರಿತು. ಆಮೇಲೆ ಲೆಕ್ಕವಿಡಲಿಲ್ಲ. ರೆಪ್ಪೆ ಇಳಿಯುವುದೇ ತಡ, ಟಣ್. ಬಾಯಿ ಬಿಟ್ಟುಕೊಂಡು ಬಿದ್ದ ಜನರನ್ನು ನೋಡಿ ಮೂಗು ಮುರಿಯುತ್ತಿದ್ದವಳಿಗೆ ತನ್ನ ಬೆರಳೊಂದು ಕಾಣಿಸುತ್ತಿರಲಿಲ್ಲ.

ಇಪ್ಪತ್ತೊಂಬತ್ತನೇ ಬೆಳಿಗ್ಗೆ ವಿಶಾಲಾಕ್ಷಮ್ಮ ನಿಂತ ದಿಂಬನ್ನು ನೋಡಿ ನಮ್ಮ ಕಡೆ ತಿರುಗಿದರು. "ನಾಳೆಗೆ ಮೂವತ್ತು. ನನಗೇನೂ ನಿಮ್ಮ ಮೇಲೆ ಸಿಟ್ಟಿಲ್ಲ ಮಕ್ಕಳಾ. ಒಳ್ಳೆ ಬ್ಯಾಂಡು. ಆದ್ರೆ ರೂಢಿ ಅಂದ್ರೆ ರೂಢಿ."

"ಒಬ್ಬ ಮುದುಕನಿಗೋಸ್ಕರ!" ಚಿರಂತ ಜಾಕೆಟ್ ಬಿಚ್ಚಿ ನೆಲಕ್ಕೆ ಹೊಡೆದ. "ಇವತ್ತು ರಾತ್ರಿ 'ಕುಂಭಕರ್ಣ'ದ ಮ್ಯಾನೇಜರ್ ನಮ್ಮ ಬ್ಯಾಂಡಿಗೆ ಮಲಗೋಕೆ ಬರ್ತಿದಾರೆ. ಎಲ್ಲಾ ದಿಂಬು ಮಲಗಿದ್ರೆ ಬೆಳಿಗ್ಗೆ ಏಳಕ್ಕೆ ಅಲ್ಲಿ ಹೋಗಿ ಮೂರೂ ಜನ ಬಾರಿಸಿ ತೋರಿಸ್ಬೇಕು. ಮುನ್ನೂರು ಮಂಚ ಕಣ್ರೋ! ಇವನೊಬ್ಬನ ಕಣ್ಣಿಗೆ ಅಂಟು ಹಾಕಿ ಮುಚ್ಚಲಾ?"

ನಾನು ಕಿಟಕಿಗೆ ಹೋಗಿ ಕೂತೆ. ರಾಯರು ಕೊನೆಯಲ್ಲಿ ನಿಂತಿದ್ದರು. ಸಾಲು ಕರಗುವವರೆಗೆ ಕಾದು ಬಂದರು.

"ನಿನ್ನೆ ಹೊಸಿಲ ತನಕ ಹೋಗಿದ್ದೆ," ಎಂದರು. "ಒಂದು ಕಾಲು ಒಳಗಿಟ್ಟಿದ್ದೆ. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗಾಯ್ತು."

"ಸಾರಿ ಸರ್. ಕೈ ಜಾರಿತು."

"ಹನ್ನೆರಡು ಸಲ?"

ನಾನು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

"ಮಗೂ, ತಕ್ಕಡೀಲಿ ಬೆರಳಿಡೋರನ್ನ ನಾನು ಮೂವತ್ತು ವರ್ಷದಿಂದ ಹಿಡೀತಾ ಇದೀನಿ. ಬೆಲ್ಲದ ಅಂಗಡಿಯೋನು ಮಾತಾಡ್ತಾ ಮಾತಾಡ್ತಾ ಇಡ್ತಾನೆ. ಮೀನಿನೋಳು ಸೆರಗು ಸರಿ ಮಾಡ್ಕೊಳ್ತಾ ಇಡ್ತಾಳೆ. ನೀನು ನನ್ನ ಮುಖ ನೋಡ್ಕೊಂಡೇ ಇಡ್ತೀಯಲ್ಲ!" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಒಂದಿಷ್ಟು ನಿದ್ದೆ ಬೇಕೇನೋ. "ಯಾಕಮ್ಮಾ?"

"ಇಡೀ ಊರಲ್ಲಿ ನೀವೊಬ್ರೇ ಸರ್ ಕೇಳೋದು."

"ಕೇಳೋದು ನನ್ನ ರೋಗ. ಅದನ್ನ ನೀನು ಚಪ್ಪಾಳೆ ಅಂದ್ಕೊಂಡಿದೀಯಾ." ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈ ಊರಿದರು. ಕೈ ನಡುಗುತ್ತಿತ್ತು. "ಅಂಗಡಿಗೆ ಹೋದ್ರೆ ಬಟ್ಟಿನ ಮೇಲಿನ ಅಂಕಿ ಎರಡೆರಡಾಗಿ ಕಾಣುತ್ತೆ ಈಗ. ನಿನ್ನೆ ಒಬ್ಬ ಪ್ರಾಮಾಣಿಕನಿಗೆ ಮೋಸಗಾರ ಅಂತ ಬೈದುಬಿಟ್ಟೆ. ಹುಡುಗ, ಅತ್ತೇಬಿಟ್ಟ. ಒಂದೇ ಒಂದು ರಾತ್ರಿ ಬೆರಳು ತೆಗಿ ತಾಯಿ. ನೀವು ಹೋದ ಮೇಲೆ ಬರೋ ಬ್ಯಾಂಡಿಗೆ ಇದು ಸಾಧ್ಯ ಇಲ್ಲ. ನಾನು ಎಲ್ಲಾ ಕೇಳಿದೀನಲ್ಲ, ನನಗೆ ಗೊತ್ತು."

ಹೋಗುವಾಗ ತಿರುಗಿ, "ಆರನೇ ಹಾಡಿನ ಶುರು ನಿನ್ನೆ ಬಹಳ ಚೆನ್ನಾಗಿತ್ತು," ಎಂದರು. ಅವರ ಹೊಗಳಿಕೆ ಅಂಥದು. ತೂಕ ಸರಿಯಿದ್ದರೆ ಶತ್ರುವಿಗೂ ಮುದ್ರೆ ಒತ್ತಿ ಕೊಡುವ ಮನುಷ್ಯ.

ಆ ಮಧ್ಯಾಹ್ನ ಅಲ್ತಾಫನಿಗೆ ಎಲ್ಲವನ್ನೂ ಹೇಳಿದೆ. ಅವನು ಬನ್ನು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಅಂದ್ರೆ ಒಂಬತ್ತನೇ ಹಾಡು ಹೇಳಿಕೊಟ್ಟಿದ್ದು ಅವ್ರು?"

"ಎಲ್ಲಾ ಅವ್ರೇ."

"ಗುರುಗಳಿಗೆ ಟಣ್ ಟಣ್ ಅಂತ ಮೊಟಕ್ತಾ ಇದ್ದೆ ನೀನು. ಥೂ ನಿನ್ನ."

ಅವನ 'ಥೂ' ನನಗೆ ಸರಿಯಾಗಿ ತಾಗಿತು.

ಆ ರಾತ್ರಿ ಹಾಲು ತುಂಬಿತ್ತು. 'ಕುಂಭಕರ್ಣ'ದ ಮ್ಯಾನೇಜರ್ ಅರವತ್ತನೇ ಮಂಚಕ್ಕೆ ಬಂದ, ರೇಷ್ಮೆಯ ಹೊದಿಕೆ ಹೊದ್ದ, ಮೊದಲ ಸಾಲಿಗೇ ಹಂದಿಯ ಹಾಗೆ ಸದ್ದು ಮಾಡತೊಡಗಿದ. ಚಿರಂತ ಅದನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಂಡ. ನಾನು ಹದಿನೇಳನೇ ಮಂಚದ ಕಡೆ ನೋಡಬಾರದೆಂದು ನೆಲ ನೋಡಿಕೊಂಡು ಬಾರಿಸಿದೆ. ಎರಡು ಗಂಟೆ ಕಳೆಯಿತು, ಮೂರು ಕಳೆಯಿತು. ನಾಲ್ಕನೇ ಗಂಟೆಯಲ್ಲಿ ಬಸ್ಸಾರಿನ ಹಾಡು ಬಂತು. ತಲೆಯೆತ್ತದೆ ಇರಲು ಆಗಲಿಲ್ಲ. ರಾಯರು ನೇರವಾಗಿ ನನ್ನನ್ನೇ ನೋಡುತ್ತಿದ್ದರು. ರೆಪ್ಪೆ ಇಳಿಯಿತು. ಮತ್ತೆ ಮೇಲೆ ಬಂತು, ಅಭ್ಯಾಸದಿಂದ, ಟಣ್ ಎನ್ನುವುದನ್ನು ಕಾಯುತ್ತಾ. ನನ್ನ ಬೆರಳು ದಪ್ಪ ತಂತಿಯ ಕೆಳಗೆ ತಾನಾಗಿ ಹೋಗಿ ಕೂತಿತ್ತು. ಅದನ್ನು ಅಲ್ಲಿಂದ ತೆಗೆಯುವುದು, ದೇವರಾಣೆ, ಆ ಹಡಗಿನ ಮೂರು ದಿನಕ್ಕಿಂತ ಕಷ್ಟವಾಯಿತು. ತೆಗೆದೆ. ನಯವಾಗಿ ಮುಂದಿನ ಸ್ವರಕ್ಕೆ ಇಳಿದೆ. ಅಲ್ತಾಫ್ ನನ್ನ ಪಕ್ಕದಲ್ಲೇ ಇಳಿದ. ರೆಪ್ಪೆ ಇಳಿಯಿತು. ಮತ್ತೆ ಏಳಲಿಲ್ಲ.

ಆ ಕ್ಷಣದಿಂದ ಹಾಲಿನಲ್ಲಿ ತೆರೆದ ಕಣ್ಣು ಒಂದೂ ಇರಲಿಲ್ಲ. ನಾನು ಬಾರಿಸುತ್ತಾ ಹೋದೆ.

ಆರು ಗಂಟೆಗೆ ವಿಶಾಲಾಕ್ಷಮ್ಮ ಬಾಗಿಲಲ್ಲಿ ಬಂದು ಕೈ ಎತ್ತಿದರು. ಚಿರಂತ ಗಿಟಾರನ್ನು ಒಮ್ಮೆ ಜಗ್ಗಿ ನಿಲ್ಲಿಸಿದ. ಅಲ್ತಾಫ್ ಕೋಲು ಕೆಳಗಿಟ್ಟ. ಬೇಸ್ ಒಂದೇ ಉಳಿದಾಗ ಅಷ್ಟು ಸದ್ದು ಸಾಲದೆ ಜನ ಏಳತೊಡಗಿದರು, ಕಣ್ಣುಜ್ಜಿದರು, ಚಪ್ಪಲಿ ಹುಡುಕಿದರು, ದಿಂಬು ಮಲಗಿಸಿದರು. ರಾಯರು ಹೊರಳಿ, ಹಣೆ ಗಂಟಿಕ್ಕಿ, ಮತ್ತೆ ಸಡಿಲವಾದರು. ನಾನು ಬಾರಿಸುತ್ತಲೇ ಇದ್ದೆ.

"ಮುಗೀತು ಕಣೇ," ಎಂದ ಚಿರಂತ. "ನಿಲ್ಲಿಸು."

ನಾನು ಗಲ್ಲದಿಂದ ಹದಿನೇಳನೇ ಮಂಚ ತೋರಿಸಿದೆ.

"ಮಲಗಿದಾನಲ್ಲ, ಗೆದ್ವಲ್ಲ! ಬಾ. ಮ್ಯಾನೇಜರ್ ಕಾಯ್ತಾ ಇದಾನೆ. ಏಳಕ್ಕೆ ಅಲ್ಲಿರ್ಬೇಕು."

"ನಿಲ್ಲಿಸಿದ್ರೆ ಎದ್ದುಬಿಡ್ತಾರೆ."

"ಏಳ್ಲಿ! ಎಲ್ಲರೂ ಏಳೋ ಹೊತ್ತು ಇದು. ನಾಲ್ಕು ಗಂಟೆ ಮಲಗಿದಾನೆ, ಸಾಕಲ್ವಾ?"

"ಹನ್ನೊಂದು ವರ್ಷಕ್ಕೆ ನಾಲ್ಕು ಗಂಟೆನಾ?"

"ಲೇ, ಮೂರೂ ಜನ ಇಲ್ದಿದ್ರೆ ಅವ್ರು ತಗೊಳಲ್ಲ. ಇನ್ನೊಂದು ಬ್ಯಾಂಡು ಸಾಲಲ್ಲಿ ನಿಂತಿದೆ. ಮುನ್ನೂರು ಮಂಚ, ಶಾಲೂ!" ಅವನ ಮುಖ ನಿಜಕ್ಕೂ ಅಳುವ ಹಾಗಿತ್ತು. ಅವನನ್ನು ಕಂಡರೆ ಕನಿಕರವಾಯಿತು, ಒಂದು ಅರೆಕ್ಷಣ.

"ನೀನು ಹೋಗಿ ನಿನ್ನ ಸೋಲೋ ಕೇಳಿಸು. ಅಲ್ಲಿ ಮೊದಲ ಗಂಡಂದಿರಿಗಾಗಿ ಎಷ್ಟು ಜನ ಕಾಯ್ತಾ ಇದಾರೋ," ಎಂದೆ.

ವಿಶಾಲಾಕ್ಷಮ್ಮ ಕರೆಂಟು ತೆಗೆಯುತ್ತಾರೆ, ಹಾಸಿಗೆ ಬಿಸಿ‌ಲಿಗೆ ಹಾಕುವ ಹೊತ್ತಾಯಿತು ಎನ್ನುತ್ತಾರೆ ಎಂದು ಕಾದೆ. ಅವರು ಹದಿನೇಳರ ಬಳಿ ಹೋಗಿ ಬಗ್ಗಿ ನೋಡಿದರು. ರಾಯರ ಬಾಯಿ ತೆರೆದಿತ್ತು, ಜೊಲ್ಲು ಸುರಿಯುತ್ತಿತ್ತು. ವಿಶಾಲಾಕ್ಷಮ್ಮ ಕಿಟಕಿಗಳ ಪರದೆ ಎಳೆದು, ಬಾಗಿಲು ಮುಂದೆ ಮಾಡಿ ಹೋದರು.

ಚಿರಂತ ಗಿಟಾರ್ ಹೆಗಲಿಗೆ ಹಾಕಿಕೊಂಡು ಮ್ಯಾನೇಜರಿನ ಹಿಂದೆ ಓಡಿದ. ಅಲ್ತಾಫ್ ಎದ್ದ. ಅವನೂ ಹೊರಟ ಎಂದುಕೊಂಡೆ.

"ಉಚ್ಚೆ ಹುಯ್ದು ಬರ್ತೀನಿ, ತಡ್ಕೋ," ಎಂದ. "ಎರಡೇ ನಿಮಿಷ. ಅಲ್ಲಿ ತನಕ ಜೋರಾಗಿ ಹಾಕು."

ಬಂದು ಕೂತ. ನಾವಿಬ್ಬರೂ ಬಾರಿಸಿದೆವು. ಹಾಡಲು ಯಾರೂ ಇರಲಿಲ್ಲ, ಎಳೆದಾಡಲು ಗಿಟಾರ್ ಇರಲಿಲ್ಲ. ಡ್ರಮ್ಮು ಮತ್ತು ಬೇಸು. ಏಳು ಹೊಡೆಯಿತು, ಎಂಟು ಹೊಡೆಯಿತು. ನನ್ನ ಬೆರಳ ತುದಿ ಒಡೆದು ತಂತಿ ಅಂಟಂಟಾಯಿತು. ಅಲ್ತಾಫ್ ಒಂದು ಕೈಯನ್ನು ಇನ್ನೊಂದಕ್ಕೆ ವಿಶ್ರಾಂತಿ ಕೊಡುವಂತೆ ಬದಲಾಯಿಸಿಕೊಂಡು ಬಡಿಯುತ್ತಿದ್ದ. ಇಷ್ಟು ದಿನ ರಾಯರು ತೂಗಿ ಹೇಳಿದ್ದೆಲ್ಲ ನಮ್ಮ ಕೈಯಲ್ಲಿತ್ತು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದೆವು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟೆವು. ಅಷ್ಟು ಚೆನ್ನಾಗಿ ನಾವು ಅದಕ್ಕೆ ಮುಂಚೆ ಬಾರಿಸಿರಲಿಲ್ಲ, ಆಮೇಲೂ ಬಾರಿಸಿಲ್ಲ.

ಒಂಬತ್ತೂವರೆಗೆ ಚಿರಂತ ಬಂದ. ಒಬ್ಬನನ್ನೇ ನೋಡಿ ಅವರು ಗೇಟಿನಲ್ಲೇ ತಿರುಗಿಸಿ ಕಳಿಸಿದ್ದರು. ಬೈಯಲು ಬಾಯಿ ತೆಗೆದ, ಹದಿನಾರನೇ ಮಂಚದ ಮೇಲೆ ಕುಕ್ಕರಿಸಿದ, ಬೂಟು ಬಿಚ್ಚಿದ. ಐದು ನಿಮಿಷದಲ್ಲಿ ಜಾಕೆಟ್ ಸಮೇತ ಅಡ್ಡಬಿದ್ದು ಗೊರಕೆ ಹೊಡೆಯುತ್ತಿದ್ದ. ನಮ್ಮ ನಾಯಕ ನಮ್ಮ ಸಂಗೀತಕ್ಕೆ ಮನಸ್ಸು ಕೊಟ್ಟದ್ದು ಅದೊಂದೇ ಸಲ.

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ನಾವು ಇನ್ನೂ ಬಾರಿಸುತ್ತಿರುವಾಗಲೇ, ಅಚ್ಯುತರಾಯರು ಕಣ್ಣು ಬಿಟ್ಟರು. ಸದ್ದಿನ ಮಧ್ಯೆ ತಾನಾಗಿ ಎದ್ದವರು ಆ ಊರಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಎದ್ದು ಕೂತು ಎರಡೂ ಅಂಗೈ ನೋಡಿಕೊಂಡರು. ಕೈ ನಡುಗುತ್ತಿರಲಿಲ್ಲ. ದೊಡ್ಡದಾಗಿ, ಎಲ್ಲರ ಹಾಗೆ, ನಾಚಿಕೆಯಿಲ್ಲದೆ ಆಕಳಿಸಿದರು. ಪಕ್ಕದಲ್ಲಿ ಚಿರಂತ ಬಿದ್ದಿರುವುದನ್ನು ಕಂಡು ಹೊದಿಕೆಯ ಅಂಚನ್ನು ಅವನ ಕಾಲ ಮೇಲೆ ಎಳೆದರು.

ನಾವು ನಿಲ್ಲಿಸಿದೆವು. ಕಿವಿಯೊಳಗೆ ಇನ್ನೂ ಗುಂಯ್ ಎನ್ನುತ್ತಿತ್ತು. ನಾನು ಸ್ಟೇಜಿನಿಂದ ಇಳಿದು ಅವರ ಮುಂದೆ ಹೋಗಿ ನಿಂತೆ. ಕೇಳಬಾರದೆಂದು ಗೊತ್ತಿತ್ತು. ಆದರೂ ನಾನು ನಾನೇ ತಾನೇ?

"ಹೇಗಿತ್ತು ಸರ್?"

ರಾಯರು ನನ್ನ ಮುಖ ನೋಡಿದರು, ಬೆರಳಿನ ರಕ್ತ ನೋಡಿದರು, ಹಿಂದೆ ಡ್ರಮ್ಮಿನ ಮೇಲೆ ತಲೆಯಿಟ್ಟುಕೊಂಡಿದ್ದ ಅಲ್ತಾಫನನ್ನು ನೋಡಿದರು. ಏನೋ ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಹೆಣಗಿದರು.

"ನೀವು ಬಾರಿಸ್ತಾ ಇದ್ರಾ?" ಎಂದರು.